ಇಳಿಹೊತ್ತಿನ ನಂಟು

ಈ ಸಂಚಿಕೆಗೆ ಏನಾದರೊಂದನ್ನು ಬರೆದುಕೊಡಬೇಕೆಂದು ನಮ್ಮ ಪತ್ರಿಕೆಯ ವಿದ್ಯಾರ್ಥಿ ಸಂಪಾದಕರು ಕೇಳಿದಾಗ, ಒಂದು ಪ್ರವಾಸ ಕಥನವನ್ನು ಬರೆದುಕೊಟ್ಟು ಹೊಣೆ ಕಳೆದುಕೊಳ್ಳೋಣವೆಂದು ಎಣಿಸಿದ್ದೆನು. ವಿಶಾಖಪಟ್ಟಣವು ನನಗೆ ಚಿಕ್ಕಂದಿನಿಂದಲೂ ಪರಿಚಿತವಾದ ಊರು. ಅಲ್ಲಿಯ ಕಡಲು, ಹಡಗುಗಳು, ಡಾಲ್ಫಿನ್ಸ್ ನೋಸ್ ಎಂಬ ಬೆಟ್ಟ, ಸಿಂಹಾಚಲದ ದೇವಾಲಯ ಇವುಗಳನ್ನು ಕುರಿತು ನಾಲ್ಕು ಪುಟಗಳನ್ನು ತುಂಬಿಸುವುದು ಕಷ್ಟವಲ್ಲ. ಆದರೆ ಲೇಖನಿಯನ್ನು ಹಿಡಿದು ಕುಳಿತಾಗ ಕಡಲೂ ಬೆಟ್ಟವೂ ಹಿಂದಕ್ಕೆ ಸರಿದು, ಕಡಲಿಗೆ ಮುಖಮಾಡಿ ಕುಳಿತ ನಮ್ಮ ದೊಡ್ಡಮ್ಮನವರೇ ಕಣ್ಣಮುಂದೆ ಬಂದರು. ಆದುದರಿಂದ ಇದು ಪ್ರವಾಸ ಕಥನವಾಗದೆ, ಮುಪ್ಪಿನ ಒಂಟಿತನವನ್ನು ಕುರಿತ ಕೆಲವು ಮಾತುಗಳಾಗಿ ಪರಿಣಮಿಸಿದೆ.

ಎಳೆಯರ ಪತ್ರಿಕೆಯಲ್ಲಿ ಮುಪ್ಪಿನ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ನನ್ನಲ್ಲಿ ಎರಡು ಉತ್ತರಗಳಿವೆ. ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇರುವರು. ಇಲ್ಲವೆ ಬೇರೊಂದು ಊರಿನಲ್ಲಿದ್ದು ನಿಮ್ಮ ದಾರಿಯನ್ನು ಕಾಯುತ್ತಿರುವರು. ಇದು ಮೊದಲನೆಯದು. ಇನ್ನು ಸ್ವಲ್ಪ ಕಾಲದಲ್ಲಿ ನಾನೂ ಕೆಲಸದಿಂದ ನಿವೃತ್ತನಾಗುವೆನು. ಈ ಪಾಠದಲ್ಲಿ ನಾನು ಇನ್ನೂ ಹೊಸ ವಿದ್ಯಾರ್ಥಿ. ಇದು ಎರಡನೆಯದು.

ನಮ್ಮ ತಾಯಿಯ ಕಡೆಯವರು ಚಿತ್ರದುರ್ಗದ ಸೀಮೆಯವರು. ಮಳೆಯೇ ಅಪರೂಪವಾದ ಆ ನಾಡಿನಿಂದ ದೊಡ್ಡಮ್ಮನವರು ಮದುವೆಯಾಗಿ ಹೋದುದು ಕಡಲ ಮಗ್ಗುಲಿಗೆ. ದೊಡ್ಡಪ್ಪನವರಿಗೆ ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಕೆಲಸ. ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ದೊಡ್ಡ ಹಡಗಾದ ಜಲ ಉಷಾ ೧೯೪೮ರಲ್ಲಿ ನೀರಿಗಿಳಿದುದು ಆ ಹಡಗುಕಟ್ಟೆಯಿಂದಲೇ. ಅಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದು, ಅಲ್ಲಿಯೇ ಒಂದು ಮನೆಯನ್ನು ಕೊಂಡು, ಅವರು ಊರವರೇ ಆಗಿಹೋದರು. ಒಬ್ಬನೇ ಮಗನು ಅಮೇರಿಕಕ್ಕೆ ಹೋದನು. ೨೦೧೩ರ ಫೆಬ್ರವರಿಯಲ್ಲಿ ದೊಡ್ಡಪ್ಪನವರು ತೀರಿಕೊಂಡರು. ಎಪ್ಪತ್ತು ದಾಟಿದ ದೊಡ್ಡಮ್ಮನವರು ಆ ಮನೆಯಲ್ಲಿ ಒಬ್ಬರೇ ಉಳಿದರು.

ಆ ವರ್ಷದ ಡಿಸೆಂಬರಿನಲ್ಲಿ ನಾನು ಅವರನ್ನು ನೋಡಲು ಹೋದೆನು. ಬಾಗಿಲನ್ನು ತೆಗೆಯುವ ಮೊದಲೇ ಒಳಗಿನಿಂದ ಜೋರಾದ ಮಾತುಗಳು ಕೇಳಿಬಂದವು. ನೆಂಟರು ಬಂದಿರಬಹುದೆಂದು ಎಣಿಸಿದೆನು. ಒಳಗೆ ಹೋಗಿ ನೋಡಿದರೆ ಟೆಲಿವಿಷನ್ ತನ್ನಷ್ಟಕ್ಕೆ ಮಾತನಾಡುತ್ತಿದ್ದಿತು. ಅದರೆದುರಿನ ಕುರ್ಚಿ ಬರಿದಾಗಿದ್ದಿತು. ದೊಡ್ಡಮ್ಮನವರು ಅಡಿಗೆಮನೆಯಲ್ಲಿದ್ದರು.

“ನೋಡುವುದಕ್ಕಲ್ಲ ಮಗು, ಮನೆಯಲ್ಲಿ ಒಂದು ದನಿ ಇರಲಿ ಎಂದು ಹಾಕಿರುತ್ತೇನೆ” ಎಂದರು.

ಬೆಂಗಳೂರಿಗೆ ಬಂದು ನಮ್ಮೊಡನೆ ಇರಬೇಕೆಂದು ನಾನು ಒತ್ತಾಯ ಮಾಡಿದೆನು. ಅವರು ಒಪ್ಪಲಿಲ್ಲ. ಐವತ್ತು ವರ್ಷ ಬೇರುಬಿಟ್ಟ ಗಿಡವನ್ನು ಕಿತ್ತು ನೆಟ್ಟರೆ ಚಿಗುರುವುದೆಂಬ ಭರವಸೆ ಅವರಿಗಿರಲಿಲ್ಲ. ನೆರೆಹೊರೆಯವರ ಜೊತೆ ಮಾತುಕತೆ ಇಲ್ಲವೇ ಎಂದು ಕೇಳಿದೆನು. ಅದಕ್ಕೆ ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

“ತೆಲುಗು ನನಗೆ ಬರುವುದಿಲ್ಲವೆಂದಲ್ಲ. ನಮ್ಮ ಹಾಲು ಅವರಿಗೆ ಪಾಲು, ನಮ್ಮ ಹಣ್ಣು ಅವರಿಗೆ ಪಂಡು, ನಮ್ಮ ಹುಲಿ ಅವರಿಗೆ ಪುಲಿ. ಐವತ್ತು ವರ್ಷದಿಂದ ಆ ಮಾತಿನಲ್ಲಿಯೇ ತರಕಾರಿ ಕೊಂಡಿದ್ದೇನೆ, ಡಾಕ್ಟರಿಗೆ ಕಾಯಿಲೆ ಹೇಳಿದ್ದೇನೆ. ಆದರೆ ಹಾಗೇ ಸುಮ್ಮನೆ ಗೊಣಗುವುದಕ್ಕೆ ಕನ್ನಡವೇ ಬೇಕು. ನನ್ನ ಗೊಣಗಾಟವನ್ನು ಕೇಳುತ್ತಿದ್ದ ಮನುಷ್ಯರು ಹೊರಟುಹೋದರು.”

ಸಂಜೆ ಅವರನ್ನು ರಾಮಕೃಷ್ಣ ಕಡಲತೀರಕ್ಕೆ ಕರೆದುಕೊಂಡು ಹೋದೆನು. ಅಲ್ಲಿ ಮರಳಿನ ಮೇಲೆ ಕುರ್ಸುರಾ ಎಂಬ ಜಲಾಂತರ್ಗಾಮಿ ನಿಂತಿದೆ. ಅದು ೧೯೬೯ರಿಂದ ನಮ್ಮ ನೌಕಾಪಡೆಯಲ್ಲಿದ್ದು, ೨೦೦೧ರಲ್ಲಿ ಸೇವೆಯಿಂದ ನಿವೃತ್ತಿ ಹೊಂದಿ, ಮರುವರ್ಷ ವಸ್ತುಸಂಗ್ರಹಾಲಯವಾಯಿತು. ಶಾಲೆಯ ಮಕ್ಕಳು ಸಾಲಾಗಿ ನಿಂತು ಅದರೊಳಗೆ ಹೋಗುತ್ತಿದ್ದರು. ದೊಡ್ಡಮ್ಮನವರು ಅದನ್ನು ನೋಡಿ ನಕ್ಕು, “ಇದೂ ನನ್ನಂತೆ ದಡಕ್ಕೆ ಬಂದು ಕುಳಿತದ್ದೇ. ಆದರೆ ಇದನ್ನು ನೋಡುವುದಕ್ಕೆ ದಿನವೂ ಜನ ಬರುತ್ತಾರೆ” ಎಂದರು. ನಾನೂ ನಕ್ಕೆನು. ರಾತ್ರಿ ಮಲಗಿದಾಗ ಆ ನಗೆ ನಗೆಯಲ್ಲವೆಂದು ತೋರಿತು. ಹೊರಡುವ ದಿನ, ಪ್ರತಿ ಭಾನುವಾರವೂ ತಪ್ಪದೆ ದೂರವಾಣಿಯಲ್ಲಿ ಮಾತನಾಡುವೆನೆಂದು ಮಾತುಕೊಟ್ಟು ಬಂದೆನು.

ಮಿತ್ರರೇ, ಆ ಮಾತನ್ನು ನಾನು ನಾಲ್ಕು ಭಾನುವಾರಗಳ ಕಾಲ ನಡೆಸಿದೆನು. ಐದನೆಯ ಭಾನುವಾರ ಯಾವುದೋ ಮದುವೆ. ಆರನೆಯದರಂದು ಪರೀಕ್ಷೆಯ ಕಾಗದಗಳು. ಯುಗಾದಿಯ ದಿನ ಒಮ್ಮೆ ಮಾತನಾಡಿದುದನ್ನು ಬಿಟ್ಟರೆ ಉಳಿದ ತಿಂಗಳುಗಳು ಹಾಗೆಯೇ ಸರಿದುಹೋದವು. ಅವರೂ ಒಮ್ಮೆಯಾದರೂ ಏಕೆ ಮಾಡಲಿಲ್ಲ ಎಂದು ಕೇಳಲಿಲ್ಲ. ಮುದುಕರು ಹೀಗೆ ಕೇಳದಿರುವುದನ್ನು ನಾವು ಅವರಿಗೆ ಏನೂ ಕೊರತೆಯಿಲ್ಲವೆಂದು ಅರ್ಥಮಾಡಿಕೊಳ್ಳುವೆವು.

೨೦೧೪ರ ಅಕ್ಟೋಬರ್ ೧೨, ಭಾನುವಾರ. ಹುದ್‌ಹುದ್ ಎಂಬ ಹಕ್ಕಿಯ ಹೆಸರನ್ನು ಹೊತ್ತ ಚಂಡಮಾರುತವು ಅಂದು ವಿಶಾಖಪಟ್ಟಣದ ಬಳಿಯಲ್ಲಿ ದಡವನ್ನು ಹಾಯ್ದಿತು. ಗಾಳಿಯ ವೇಗ ಗಂಟೆಗೆ ಸುಮಾರು ೧೮೦ ಕಿಲೋಮೀಟರು. ಊರಿನ ಮರಗಳು ನೆಲಕ್ಕುರುಳಿದವು. ವಿದ್ಯುತ್ ಕಂಬಗಳು ಬಿದ್ದವು. ವಿಮಾನ ನಿಲ್ದಾಣದ ಚಾವಣಿಯೂ ಹಾಳಾಯಿತು. ದೂರವಾಣಿಯು ಮೂಕವಾಯಿತು. ನಾನು ಆ ದಿನವೂ ಮರುದಿನವೂ ಅದರ ಮರುದಿನವೂ ದೊಡ್ಡಮ್ಮನವರ ಸಂಖ್ಯೆಯನ್ನು ಒತ್ತುತ್ತಲೇ ಇದ್ದೆನು. ದೂರವಾಣಿ ಸರಿಯಾಗಿದ್ದ ತಿಂಗಳುಗಳಲ್ಲಿ ನೆನೆಯದವನು, ಅದು ಕೆಟ್ಟ ಮೂರು ದಿನಗಳಲ್ಲಿ ನೂರು ಸಲ ಕರೆದೆನು. ನನ್ನ ಜೀವಮಾನದಲ್ಲಿ ಇಷ್ಟು ನಾಚಿಕೆಪಟ್ಟ ದಿನಗಳು ಬೇರೆ ಇಲ್ಲ.

ವಿಜಯವಾಡದಲ್ಲಿ ನನ್ನ ಸೋದರಮಾವನವರಿದ್ದರು. ದೊಡ್ಡಮ್ಮನವರಿಗೆ ಅವರು ಒಡಹುಟ್ಟಿದ ತಮ್ಮ, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಅಕ್ಕತಮ್ಮಂದಿರ ನಡುವೆ ಇರುವುದು ಒಂದೇ ರೈಲುಮಾರ್ಗದ ೩೫೦ ಕಿಲೋಮೀಟರು ದೂರ. ಆದರೆ ಊರಿನ ಹಳೆಯ ಮನೆಯನ್ನು ಮಾರಿದಾಗ ಹಂಚಿಕೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಆರು ವರ್ಷಗಳಿಂದ ಅವರಿಬ್ಬರಲ್ಲಿ ಮಾತಿರಲಿಲ್ಲ. ದೊಡ್ಡಪ್ಪನವರು ಹೋದಾಗಲೂ ಮಾವನವರು ಬಂದು, ನಿಂತು, ಕುಳಿತುಕೊಳ್ಳದೆ ಹಿಂದಿರುಗಿದ್ದರು. ಆದುದರಿಂದ ಅವರನ್ನು ಕೇಳುವುದಕ್ಕೆ ನಾನು ಹಿಂಜರಿದೆನು. ಮಂಗಳವಾರ ಬೇರೆ ದಾರಿ ಕಾಣದೆ ಅವರ ಮನೆಗೆ ದೂರವಾಣಿ ಮಾಡಿದೆನು. ಅತ್ತೆಯವರು ಹೇಳಿದರು: “ಅವರು ನಿನ್ನೆಯೇ ಹೊರಟುಹೋದರಪ್ಪ. ರೈಲು ಇಲ್ಲವೆಂದರೂ ಕೇಳಲಿಲ್ಲ. ಮೇಣದ ಬತ್ತಿ, ಬೆಂಕಿಪೊಟ್ಟಣ, ಅವಲಕ್ಕಿ, ಎರಡು ಕ್ಯಾನು ನೀರು ಎಲ್ಲವನ್ನೂ ಕಟ್ಟಿಕೊಂಡು ಹೋದರು.”

ಸಿಕ್ಕಿದ ಬಸ್ಸು, ಸಿಕ್ಕಿದ ಲಾರಿಗಳನ್ನು ಹಿಡಿದು ಮಾವನವರು ಮಂಗಳವಾರ ಸಂಜೆ ಅಲ್ಲಿಗೆ ತಲುಪಿದರು. ಅಕ್ಕನ ಮನೆಯ ಬಾಗಿಲಿಗೆ ಬೀಗವಿದ್ದಿತು. ಕಿಟಕಿಯ ಗಾಜುಗಳು ಒಡೆದಿದ್ದವು. ಅವರ ಎದೆ ಒಡೆದಂತಾಯಿತಂತೆ. ಅಷ್ಟರಲ್ಲಿ ಕೆಳಮನೆಯಿಂದ ಒಗ್ಗರಣೆಯ ವಾಸನೆ ಬಂದಿತು. ಇಳಿದು ನೋಡಿದರೆ ದೊಡ್ಡಮ್ಮನವರು ಬಿದ್ದ ಮರದ ಕೊಂಬೆಗಳನ್ನು ಒಲೆಗೆ ಒಡ್ಡಿ ಮೂರು ಮನೆಯವರಿಗೆ ಅಡಿಗೆ ಮಾಡುತ್ತಿದ್ದರು. ತಮ್ಮನನ್ನು ನೋಡಿ ಒಂದು ಗಳಿಗೆ ಸುಮ್ಮನಿದ್ದು, “ಬಂದೆಯೇನೋ? ಕೈಕಾಲು ತೊಳೆದುಕೋ. ಒಂದೇ ಚೊಂಬು ನೀರು, ನೋಡಿಕೊಂಡು ಬಳಸು” ಎಂದರು. ಆರು ವರ್ಷಗಳ ಮುನಿಸು ಅಷ್ಟರಲ್ಲಿ ಮುಗಿಯಿತು.

ನಡೆದ ಸಂಗತಿ ಇಷ್ಟೇ. ಗಾಳಿಯು ಕಿಟಕಿಗಳನ್ನು ಒಡೆದಾಗ ಕೆಳಮನೆಯ ತೆಲುಗು ಗೃಹಿಣಿ ಮಹಡಿಯನ್ನು ಹತ್ತಿ ಬಂದು, ದೊಡ್ಡಮ್ಮನವರ ಕೈಹಿಡಿದು ಕೆಳಗೆ ಕರೆದುಕೊಂಡು ಹೋದರು. ಅವರಿಬ್ಬರಿಗೆ ವರ್ಷಗಳಿಂದ ಇದ್ದುದು ಮೆಟ್ಟಿಲಿನ ಮೇಲಿನ ನಮಸ್ಕಾರದ ಪರಿಚಯ ಮಾತ್ರ. ಆದರೆ ಮೇಲಿನ ಮನೆಯಲ್ಲಿ ಒಬ್ಬ ವೃದ್ಧೆ ಒಬ್ಬರೇ ಇರುವರೆಂಬುದನ್ನು ಆಕೆ ಮರೆತಿರಲಿಲ್ಲ. ಇನ್ನೂರು ಹರದಾರಿ ದೂರದ ನೆಂಟನಿಗಿಂತ ಹತ್ತು ಮೆಟ್ಟಿಲು ಕೆಳಗಿನ ನೆರೆಯವರು ಹತ್ತಿರದವರಾದರು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಅದು ಚೆಂದವಾಗಿರುತ್ತದೆ, ಆದರೆ ಪೂರ್ಣವಾಗುವುದಿಲ್ಲ. ಸಂಕಟದಲ್ಲಿ ಕೂಡಿದವರು ಸಂಕಟ ಕಳೆದ ಮೇಲೆ ಚದುರುವುದೂ ಲೋಕದ ರೀತಿಯೇ. ದೊಡ್ಡಮ್ಮನವರೇ ಒಮ್ಮೆ, “ದೀಪ ಬಂದವು, ಬಾಗಿಲುಗಳು ಮುಚ್ಚಿಕೊಂಡವು” ಎಂದರು. ಆದರೆ ಈ ಸಲ ಅವರು ತಮ್ಮ ಬಾಗಿಲನ್ನು ಮುಚ್ಚಲಿಲ್ಲ. ದಿನವೂ ಸಂಜೆ ನಾಲ್ಕರಿಂದ ಆರರವರೆಗೆ ಅದನ್ನು ತೆರೆದೇ ಇಡುವ ಪದ್ಧತಿ ಮಾಡಿದರು. ಬೆಳಗಿನ ಹೊತ್ತು ಅಲ್ಲಿಯ ಬೀಚ್ ರಸ್ತೆಯಲ್ಲಿ ವಾಹನಗಳನ್ನು ತಡೆದು, ನಡೆಯುವವರಿಗೆ ದಾರಿ ಬಿಡುವುದುಂಟು. ಕೆಳಮನೆಯ ಗೃಹಿಣಿಯ ಜೊತೆಯಲ್ಲಿ ಅಲ್ಲಿಗೆ ಹೋಗತೊಡಗಿದರು. ಮೊದಮೊದಲು ಇಬ್ಬರು, ಆಮೇಲೆ ಐವರು. ಒಬ್ಬರು ಒಂದು ದಿನ ಬಾರದಿದ್ದರೆ ಉಳಿದವರು ಅಂದೇ ಅವರ ಮನೆಗೆ ಹೋಗಿ ವಿಚಾರಿಸಬೇಕು. ಇದು ಅವರ ಕಟ್ಟಳೆ. “ಹನಿಗೂಡಿದರೆ ಹಳ್ಳ” ಎಂಬ ಗಾದೆಯನ್ನು ಹಣಕ್ಕೆ ಮಾತ್ರ ಹೇಳಬೇಕೆಂದೇನೂ ಇಲ್ಲ.

ಅವರಿಗೆ ನಿಜವಾದ ಚೈತನ್ಯ ಬಂದುದು ಮತ್ತೊಂದು ಕಾರಣದಿಂದ. ಕೆಳಮನೆಯ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ದೊರೆಯಿತು. ಹೊರಡುವ ಮೊದಲು ನಾಲ್ಕು ಮಾತು ಕನ್ನಡವನ್ನು ಕಲಿಸಿಕೊಡಬೇಕೆಂದು ಆಕೆ ದೊಡ್ಡಮ್ಮನವರ ಬಳಿಗೆ ಬಂದಳು. ಕನ್ನಡ ಲಿಪಿಯೂ ತೆಲುಗು ಲಿಪಿಯೂ ಒಂದೇ ಮೂಲದಿಂದ ಕವಲೊಡೆದವು. ತೆಲುಗು ಬಲ್ಲವಳಿಗೆ ನಮ್ಮ ಅಕ್ಷರಗಳನ್ನು ಗುರುತಿಸುವುದು ಕೆಲವು ದಿನಗಳ ಕೆಲಸ. ಪಕಾರವು ಹಕಾರವಾಗುವ ಸೂತ್ರವನ್ನು ಹೇಳಿಕೊಟ್ಟು, ಪಾಲನ್ನು ಹಾಲು ಮಾಡಿ, ಪುವ್ವನ್ನು ಹೂವು ಮಾಡಿ, ಒಂದೂವರೆ ತಿಂಗಳಿನಲ್ಲಿ ದೊಡ್ಡಮ್ಮನವರು ಆಕೆಯನ್ನು ಸಿದ್ಧಗೊಳಿಸಿದರು. ಆಕೆ ಬೆಂಗಳೂರಿಗೆ ಬಂದ ಮೇಲೆ ಮತ್ತಿಬ್ಬರು ಬಂದರು. ಯಾರಿಗೂ ಬೇಡವೆಂದು ಅವರು ಭಾವಿಸಿದ್ದ ನುಡಿಯೇ ನೆರೆಯವರಿಗೆ ಬೇಕಾಯಿತು. ಮುದುಕರಿಗೆ ನಾವು ಏನನ್ನಾದರೂ ಕೊಡಬೇಕೆಂದು ಯೋಚಿಸುವೆವು. ಅವರಿಂದ ಏನನ್ನಾದರೂ ಕೇಳಬೇಕೆಂಬುದು ನಮಗೆ ಹೊಳೆಯುವುದಿಲ್ಲ. ಬೇಕಾದವನಾಗಿರುವೆನೆಂಬ ಅರಿವು ಔಷಧಕ್ಕಿಂತ ಮೇಲಾದುದು.

ಏಕಾಂತವೂ ಒಂಟಿತನವೂ ಒಂದೇ ಅಲ್ಲ. ಏಕಾಂತವನ್ನು ನಾವು ಬಯಸಿ ಪಡೆಯುವೆವು. ಒಂಟಿತನವು ಬಯಸದೆ ಬರುವುದು. ಓದುವವನಿಗೂ ಧ್ಯಾನಿಸುವವನಿಗೂ ಏಕಾಂತ ಬೇಕು. ಒಂಟಿತನವಾದರೋ ಜನರ ನಡುವೆಯೂ ಇರಬಲ್ಲದು. ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಸೋದರಮಾವನವರು.

ಚಂಡಮಾರುತವು ಕಳೆದ ಮೇಲೆ ಅಕ್ಕತಮ್ಮಂದಿರು ದಿನವೂ ರಾತ್ರಿ ಎಂಟು ಗಂಟೆಗೆ ದೂರವಾಣಿಯಲ್ಲಿ ಮಾತನಾಡುವ ವಾಡಿಕೆಯಾಯಿತು. ದೊಡ್ಡಮ್ಮನವರಿಗೆ ಗೊಣಗಲು ಕನ್ನಡ ಮತ್ತೆ ದೊರೆಯಿತು. ಮೂರು ನಾಲ್ಕು ವರ್ಷ ಹೀಗೆ ನಡೆದ ಮೇಲೆ ಮಾವನವರ ಮಾತು ಕಡಿಮೆಯಾಗತೊಡಗಿತು. “ಹ್ಞೂ, ಹ್ಞೂ” ಎಂದು ಬೇಗನೆ ಇಟ್ಟುಬಿಡುವರು. ಕೊನೆಗೆ ಕರೆಯುವುದನ್ನೇ ಬಿಟ್ಟರು. ದೊಡ್ಡಮ್ಮನವರು ನನಗೆ ದೂರವಾಣಿ ಮಾಡಿ, “ಅವನು ಮತ್ತೆ ಮುನಿದಿದ್ದಾನೆ ಮಗು. ಈ ಸಲ ನಾನೇನು ಮಾಡಿದೆನೋ ತಿಳಿಯದು” ಎಂದು ಕಣ್ಣೀರಿಟ್ಟರು.

೨೦೧೮ರ ಬೇಸಿಗೆಯ ರಜೆಯಲ್ಲಿ ನಾನು ವಿಜಯವಾಡದಲ್ಲಿ ಇಳಿದೆನು. ಮಾವನವರ ಮನೆ ತುಂಬಿದ ಮನೆ: ಹೆಂಡತಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಆದರೂ ಅವರು ದಿನವೆಲ್ಲ ಮೂಲೆಯ ಕುರ್ಚಿಯಲ್ಲಿ ಮೌನವಾಗಿರುವರು. ವಯಸ್ಸಾಯಿತು, ಸ್ವಭಾವ ಬಿಗಿಯಾಯಿತು ಎಂದು ಮನೆಯವರು ತಮ್ಮಲ್ಲಿಯೇ ಹೇಳಿಕೊಳ್ಳುತ್ತಿದ್ದರು. ಸಂಜೆ ಅವರೊಡನೆ ಕೃಷ್ಣೆಯ ದಡಕ್ಕೆ ಹೋದೆನು. ಒಂದು ಕಡೆ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ಗುಡಿ. ಎದುರಿಗೆ ೧೯೫೭ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜು. ಮಾವನವರು ನೀರನ್ನು ತೋರಿಸಿ, “ಇದು ನಮ್ಮ ಕಡೆಯಿಂದ ಬಂದ ನೀರು” ಎಂದರು. ನಿಜವೇ, ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ, ತುಂಗಭದ್ರೆಯನ್ನೂ ಕೂಡಿಸಿಕೊಂಡು ಕೃಷ್ಣೆ ಅಲ್ಲಿಗೆ ಬರುವಳು. ನಾನು ಅಕ್ಕನ ಮಾತನ್ನು ಎತ್ತಿದೆನು. ಅವರು ನಕ್ಕು ಸುಮ್ಮನಾದರು. ಆ ನಗೆಯ ಅರ್ಥ ನನಗೆ ಆಗಲಿಲ್ಲ.

ಅರ್ಥವನ್ನು ಬಿಡಿಸಿದವನು ಅವರ ಹಿರಿಯ ಮೊಮ್ಮಗ. ಅವನು ಆಗ ನಿಮ್ಮಂತೆಯೇ ಪ್ರೌಢಶಾಲೆಯಲ್ಲಿ ಓದುತ್ತಿದ್ದನು. ಹಿಂದಿರುಗಿದ ಮೇಲೆ ನನ್ನ ಬಳಿಗೆ ಬಂದು, “ತಾತನಿಗೆ ಕೋಪವಿಲ್ಲ ಮಾವ, ಕಿವಿ ಕೇಳಿಸುವುದಿಲ್ಲ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಎದುರಿಗೆ ಬಂದು ಕೇಳಿದರೆ ನಗುತ್ತಾರೆ. ಏನು ಕೇಳಿದರೂ ಅದೇ ನಗು. ನಾನು ಪರೀಕ್ಷೆ ಮಾಡಿ ನೋಡಿದೆ” ಎಂದನು. ನಾವು ಹಿರಿಯರೆಲ್ಲರೂ ಕಿವಿಯ ದೋಷವನ್ನು ಮನಸ್ಸಿನ ದೋಷವೆಂದು ಎಣಿಸಿದ್ದೆವು. ಕೇಳಿಸದಿದ್ದುದನ್ನು ಹೇಳಿಕೊಳ್ಳಲು ಮಾವನವರು ನಾಚಿ, ಮಾತನ್ನೇ ತೊರೆದಿದ್ದರು. ದೂರವಾಣಿಯಲ್ಲಿ ತುಟಿಗಳ ಚಲನೆಯೂ ಕಾಣದು. ಅಕ್ಕನ ಮಾತು ಅವರಿಗೆ ಬರಿಯ ಗುಂಯ್‌ಗುಟ್ಟುವ ಸದ್ದಾಗಿದ್ದಿತು.

ವೈದ್ಯರನ್ನು ಕಂಡು ಕಿವಿಗೆ ಯಂತ್ರವನ್ನು ಹಾಕಿಸಿದುದಾಯಿತು. ಅದು ಒಗ್ಗಲು ಕೆಲವು ವಾರ ಹಿಡಿಯಿತು. ಪಾತ್ರೆಯ ಸದ್ದಿಗೆ ಬೆಚ್ಚಿಬೀಳುತ್ತಿದ್ದರು. ಆಮೇಲೆ ಒಂದು ರಾತ್ರಿ ಎಂಟು ಗಂಟೆಗೆ ಅವರೇ ಅಕ್ಕನನ್ನು ಕರೆದರು. ಮುಪ್ಪಿನಲ್ಲಿ ಕಿವಿ ಮಂದವಾಗುವುದನ್ನು ಅಲಕ್ಷ್ಯ ಮಾಡಿದರೆ ಮರೆವಿನ ರೋಗದ ಸಂಭವವೂ ಹೆಚ್ಚುವುದೆಂದು ಈಗ ವೈದ್ಯರು ಹೇಳುವರು. ಕಣ್ಣಿಗೆ ಕನ್ನಡಕ ಹಾಕಲು ನಾಚದ ನಾವು ಕಿವಿಯ ಯಂತ್ರಕ್ಕೆ ನಾಚುವುದೇಕೆ?

ಮಾವನವರು ಒಂದು ನೋಟುಪುಸ್ತಕವನ್ನು ಇಟ್ಟರು. ಅದರಲ್ಲಿ ತಮ್ಮೊಡನೆ ಕೆಲಸ ಮಾಡಿ ನಿವೃತ್ತರಾದ ಹದಿನೇಳು ಮಂದಿಯ ಹೆಸರುಗಳು. ದಿನಕ್ಕೆ ಮೂವರಂತೆ ಸರದಿಯ ಮೇಲೆ ಅವರೊಡನೆ ಮಾತನಾಡುವರು. ವಿಶೇಷವೇನೂ ಇಲ್ಲ: ಕಾಫಿಯಾಯಿತೇ, ಮಂಡಿನೋವು ಹೇಗಿದೆ, ಪಿಂಚಣಿ ಬಂದಿತೇ ಎಂದು. ೨೦೨೪ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಹಳ್ಳವು ಉಕ್ಕಿ ವಿಜಯವಾಡದ ಸಿಂಗ್ ನಗರ ಮೊದಲಾದ ಭಾಗಗಳು ನೀರಿನಲ್ಲಿ ಮುಳುಗಿದಾಗ, ಆ ನೋಟುಪುಸ್ತಕದ ಬೆಲೆ ಗೊತ್ತಾಯಿತು. ಮಾವನವರು ಕುಳಿತಲ್ಲಿಂದಲೇ ಹದಿನೇಳು ಮಂದಿಯನ್ನೂ ವಿಚಾರಿಸಿದರು. ಇಬ್ಬರು ಉತ್ತರ ಕೊಡಲಿಲ್ಲ. ಆ ಇಬ್ಬರ ಮಕ್ಕಳಿಗೆ ಕೂಡಲೆ ಸುದ್ದಿ ಮುಟ್ಟಿಸಿದರು. ಇಬ್ಬರನ್ನೂ ದೋಣಿಯಲ್ಲಿ ಕರೆತಂದರು.

ಈ ಎರಡು ಊರುಗಳನ್ನು ನೆನೆದಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ೧೯೨೬ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯವು ಪ್ರಾರಂಭವಾದುದು ವಿಜಯವಾಡದಲ್ಲಿ. ಆಮೇಲೆ ಅದು ವಿಶಾಖಪಟ್ಟಣಕ್ಕೆ ಹೋಯಿತು. ಅದರ ಮೊದಲನೆಯ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರೂ, ೧೯೩೧ರಲ್ಲಿ ಕುಲಪತಿಗಳಾದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ಮೊದಲು ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ರಾಧಾಕೃಷ್ಣನ್ ಅವರು ೧೯೨೧ರಲ್ಲಿ ಮೈಸೂರನ್ನು ಬಿಟ್ಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಗಾಡಿಯನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ಅವರನ್ನು ಮುಟ್ಟಿಸಿದರೆಂಬುದು ಪ್ರಸಿದ್ಧವಾಗಿದೆ. ನಾವು ಸೆಪ್ಟೆಂಬರ್ ೫ರಂದು ಈ ಕಥೆಯನ್ನು ಹೇಳಿ ಚಪ್ಪಾಳೆ ತಟ್ಟುವೆವು. ಆದರೆ ಇದೇ ಶಾಲೆಯಲ್ಲಿ ನಮಗೆ ಪಾಠ ಹೇಳಿ ನಿವೃತ್ತರಾದವರು ಎಲ್ಲಿರುವರು, ಹೇಗಿರುವರು ಎಂದು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಗಾಡಿ ಎಳೆಯಬೇಕಾದುದಿಲ್ಲ, ಒಂದು ಸಂಜೆ ಬಾಗಿಲು ತಟ್ಟಿದರೆ ಸಾಕು.

೨೦೧೧ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ ಹತ್ತು ಕೋಟಿಯನ್ನು ಮೀರಿದ್ದಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಕಾಯಿದೆಯಾಗಿದೆ. ಕಷ್ಟದಲ್ಲಿರುವ ವೃದ್ಧರ ನೆರವಿಗೆ ೧೪೫೬೭ ಎಂಬ ದೂರವಾಣಿ ಸಂಖ್ಯೆ ಇದೆ. ಇದನ್ನು ನೀವು ಗುರುತುಹಾಕಿಕೊಳ್ಳಿರಿ. ಆದರೆ ಕಾಯಿದೆಯು ಅನ್ನವನ್ನು ಕೊಡಿಸಬಲ್ಲದು, ಮಾತನ್ನು ಕೊಡಿಸಲಾರದು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರು ಒಂಟಿತನದಿಂದ ನರಳುತ್ತಿರುವರು. ಆಶ್ಚರ್ಯವೆಂದರೆ, ಅದು ಎಲ್ಲರಿಗಿಂತ ಹೆಚ್ಚಾಗಿ ಕಂಡುಬಂದುದು ಮುದುಕರಲ್ಲಿ ಅಲ್ಲ, ನಿಮ್ಮ ವಯಸ್ಸಿನವರಲ್ಲಿ. ಹಾಗಾದರೆ ಮನೆಯ ಎರಡು ಮೂಲೆಗಳಲ್ಲಿ ಇಬ್ಬರು ಒಂಟಿಗಳು, ಒಬ್ಬರಿಗೆ ಹದಿನಾಲ್ಕು, ಮತ್ತೊಬ್ಬರಿಗೆ ಎಪ್ಪತ್ತನಾಲ್ಕು, ಒಬ್ಬರನ್ನೊಬ್ಬರು ನೋಡದೆ ಕುಳಿತಿರಬಹುದು. ನಡುವಿನ ದೂರ ಹತ್ತು ಹೆಜ್ಜೆ.

ದೊಡ್ಡಮ್ಮನವರಿಗೆ ಈಗ ಎಂಬತ್ತು ಕಳೆದಿದೆ. ಬೀಚ್ ರಸ್ತೆಯ ಐವರಲ್ಲಿ ಈಗ ಮೂವರೇ ಉಳಿದಿರುವರು. ಅದನ್ನು ಅವರು ಮರೆಮಾಚದೆ ಹೇಳುವರು. ನಂಟಿದ್ದರೆ ಅಗಲಿಕೆಯೂ ಇದ್ದೇ ಇರುವುದು. ನಾನು ಈಗ ಭಾನುವಾರಗಳನ್ನು ತಪ್ಪಿಸುವುದಿಲ್ಲ. ಕಳೆದ ಸಲ ನನ್ನ ನಿವೃತ್ತಿಯ ಮಾತು ಬಂದಾಗ ಅವರು, “ಪಿಂಚಣಿಯ ಕಾಗದಪತ್ರಗಳನ್ನೆಲ್ಲ ಸರಿಮಾಡಿಕೊಂಡೆಯಾ?” ಎಂದು ಕೇಳಿದರು. ಮಾಡಿಕೊಂಡಿರುವೆನೆಂದೆನು. “ನಿನ್ನ ಮಾವನ ಹಾಗೆ ಒಂದು ನೋಟುಪುಸ್ತಕ ಇಟ್ಟಿದ್ದೀಯಾ?” ಎಂದರು. ನಾನು ಉತ್ತರ ಕೊಡಲಿಲ್ಲ.

ಮರುದಿನ ಒಂದು ನೋಟುಪುಸ್ತಕವನ್ನು ಕೊಂಡು ತಂದೆನು. ಮೂವತ್ತು ವರ್ಷಗಳಿಂದ ಸಾವಿರಾರು ಹೆಸರುಗಳನ್ನು ಹಾಜರಿಯಲ್ಲಿ ಕೂಗಿದವನಿಗೆ, ನಿಶ್ಚಯವಾಗಿ ಬರೆಯಬಹುದಾದ ಹೆಸರುಗಳು ದೊರೆತುದು ಒಂಬತ್ತು. ಅವುಗಳಲ್ಲಿ ನಾಲ್ವರೊಡನೆ ಮಾತನಾಡಿ ವರ್ಷಗಳೇ ಆಗಿದ್ದವು. ಈ ಬರಹವನ್ನು ಸಂಪಾದಕರ ಕೈಗೆ ಕೊಡುವ ಮೊದಲು ಆ ನಾಲ್ವರಲ್ಲಿ ಮೂವರನ್ನು ಕಂಡು ಬಂದಿದ್ದೇನೆ. ನಾಲ್ಕನೆಯವರ ಮನೆಗೆ ಬರುವ ಭಾನುವಾರ ಹೋಗಬೇಕೆಂದಿದ್ದೇನೆ.